ಬಂದೂಕು, ವ್ಯಾಪಾರ, ಕುರ್ಚಿ: ಸಿರಿಯಾದ ಒಬ್ಬ ಕಮಾಂಡರ್ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುವುದು ಹೇಗೆ

ಕೊಪ್ಪಳ, ಗಂಗಾವತಿ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಈಚೆಗೆ ಒಂದೇ ಥರದ ಪ್ರಶ್ನೆ ಕೇಳುತ್ತಿದ್ದಾರೆ. ನಿನ್ನೆವರೆಗೂ ಬಂಡುಕೋರ ಅಂತ ಪೇಪರಿನಲ್ಲಿ ಬರುತ್ತಿದ್ದವನು ಇವತ್ತು ಅಲೆಪ್ಪೊ ಪ್ರಾಂತ್ಯದ ಗವರ್ನರ್ ಅಂತೆ, ಇನ್ನೊಬ್ಬನ ಹೆಸರಿನಲ್ಲಿ ಇಸ್ತಾಂಬುಲ್‌ನಲ್ಲಿ ಕಾರು ಮಾರುವ ಕಂಪನಿ ಇತ್ತಂತೆ, ಅವನೇ ಈಗ ಸೇನೆಯ ಒಂದು ಡಿವಿಜನ್‌ಗೆ ಮುಖ್ಯಸ್ಥ ಅಂತೆ, ಇದನ್ನೆಲ್ಲ ಹೇಗೆ ಬರೆದುಕೊಳ್ಳೋದು ಸರ್? ಒಳ್ಳೆಯವನಾ ಕೆಟ್ಟವನಾ ಅಂತ ಒಂದು ಸಾಲಿನಲ್ಲಿ ಹೇಳಿಬಿಡಿ ಅನ್ನುವವರೂ ಇದ್ದಾರೆ.

ಒಂದು ಸಾಲಿನಲ್ಲಿ ಆಗುವುದಿಲ್ಲ. 2011ರ ಮಾರ್ಚ್‌ನಿಂದ 2021ರ ಮಾರ್ಚ್‌ವರೆಗೆ, ಹತ್ತೇ ವರ್ಷದಲ್ಲಿ, ಸಿರಿಯಾದಲ್ಲಿ 3,06,887 ನಾಗರಿಕರು ಸತ್ತರು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಲೆಕ್ಕ ಹಾಕಿದೆ. ಇವರು ಬಂದೂಕು ಹಿಡಿಯದ ಮಂದಿ ಮಾತ್ರ. ಇಷ್ಟು ದೊಡ್ಡ ನೋವಿನ ಒಳಗಿಂದ ಎದ್ದು ಬಂದವನ ಬಗ್ಗೆ ಬರೆಯುವಾಗ ಸ್ವಲ್ಪ ಕಷ್ಟಪಡಬೇಕು. ನಾನು ಓದುವ ಮತ್ತು ಬೇರೆಯವರಿಗೆ ಹೇಳಿಕೊಡುವ ಕ್ರಮ ಇಲ್ಲಿದೆ. ತಾರೀಕು, ರಸ್ತೆ, ದುಡ್ಡು, ನೊಂದವರು, ಈ ನಾಲ್ಕನ್ನೂ ಒಂದೇ ಹಾಳೆಯ ಮೇಲೆ ತರುವವರೆಗೆ ಆ ಮನುಷ್ಯನ ಬಗ್ಗೆ ತೀರ್ಪು ಬರೆಯಬೇಡಿ. ನನ್ನ ಮುಖ್ಯ ಮಾತು ಇದೇ, ಉಳಿದದ್ದು ಇದನ್ನು ಮಾಡುವ ಬಗೆ.

ಮೊದಲು ಒಬ್ಬರನ್ನು ಆರಿಸಿಕೊಳ್ಳಿ

"ಸಿರಿಯಾದ ಬಂಡುಕೋರರು" ಅಂತ ಇಡೀ ಗುಂಪಿನ ಮೇಲೆ ಟಿಪ್ಪಣಿ ಮಾಡಲು ಹೋದರೆ ಎರಡೇ ಪುಟಕ್ಕೆ ತಲೆ ಕೆಡುತ್ತದೆ. ಗುಂಪುಗಳು ನೂರಾರು, ಅವು ಒಡೆದು ಮತ್ತೆ ಕೂಡಿದ್ದು ಇನ್ನೂ ಜಾಸ್ತಿ. ಒಬ್ಬ ಮನುಷ್ಯನನ್ನು ಹಿಡಿದುಕೊಂಡು ಹೋದರೆ ಯುದ್ಧ ತಾನಾಗಿ ಅರ್ಥವಾಗುತ್ತದೆ.

ಮೂವರಲ್ಲಿ ಒಬ್ಬರಿಂದ ಶುರು ಮಾಡಿ. ಒಬ್ಬರು ಅಜ್ಜಾಮ್ ಗರೀಬ್, ಇದ್ಲಿಬ್ ಪ್ರಾಂತ್ಯದ ಸರಾಕಿಬ್ ಊರಿನವರು, ಉತ್ತರ ಅಲೆಪ್ಪೊದ ಲೆವಾಂಟ್ ಫ್ರಂಟ್ ಅನ್ನುವ ಗುಂಪಿನ ಮುಖ್ಯಸ್ಥರಾಗಿದ್ದವರು, 2025ರ ಆರಂಭದಲ್ಲಿ ಅಲೆಪ್ಪೊ ಪ್ರಾಂತ್ಯದ ಗವರ್ನರ್ ಆದರು. ಇನ್ನೊಬ್ಬ ಮುಹಮ್ಮದ್ ಅಲ್ ಜಾಸಿಮ್, ಎಲ್ಲರ ಬಾಯಲ್ಲಿ ಅಬು ಅಮ್ಷಾ, ಸುಲೇಮಾನ್ ಷಾ ಬ್ರಿಗೇಡ್‌ನ ನಾಯಕ. ಮೂರನೆಯವನು ದಕ್ಷಿಣದ ಬುಸ್ರಾ ಅಲ್ ಷಾಮ್ ಊರಿನ ಅಹ್ಮದ್ ಅಲ್ ಔದಾ. ಈ ಮೂವರ ದಾರಿ ಮೂರು ಥರ. ಒಬ್ಬರಿಗೆ ಸರ್ಕಾರಿ ಕುರ್ಚಿ, ಒಬ್ಬನಿಗೆ ವ್ಯಾಪಾರದ ಜೊತೆ ಸೇನೆಯ ಪದವಿ, ಒಬ್ಬನಿಗೆ ಎದುರಾಳಿಯ ಜೊತೆಗೇ ಒಪ್ಪಂದ. ನೀವು ಯಾರನ್ನು ತೆಗೆದುಕೊಂಡರೂ ಮುಂದಿನ ಕೆಲಸ ಒಂದೇ.

ಹೆಸರಿಗೆ ಒಂದು ಪುಟ ಬಿಡಿ

ಇದು ಸಣ್ಣ ಕೆಲಸ, ಆದರೆ ಬಿಡಬೇಡಿ. ಇವರಿಗೆಲ್ಲ ಎರಡೆರಡು ಹೆಸರು. ಮನೆಯ ಹೆಸರು ಒಂದು, "ಅಬು" ಸೇರಿಸಿದ ಯುದ್ಧದ ಹೆಸರು ಇನ್ನೊಂದು. ಇಂಗ್ಲಿಷ್ ಪೇಪರುಗಳು ಒಂದೊಂದೂ ಒಂದೊಂದು ಥರ ಬರೆಯುತ್ತವೆ. ಗರೀಬ್ ಅವರ ಬಗ್ಗೆ 2024ಕ್ಕಿಂತ ಹಿಂದಿನದು ಬೇಕಾದರೆ "ಅಬು ಅಲ್ ಇಜ್ ಸರಾಕಿಬ್" ಅಂತ ಹುಡುಕಬೇಕು, ಇಲ್ಲದಿದ್ದರೆ ಗವರ್ನರ್ ಆದಮೇಲಿನ ಸುದ್ದಿ ಮಾತ್ರ ಸಿಗುತ್ತದೆ. ನಿಮ್ಮ ಓಣಿಯಲ್ಲಿ ಉರ್ದು ಓದು ಬರಹ ಬರುವ ಗೆಳೆಯರಿದ್ದರೆ ಅರಬ್ಬಿ ಲಿಪಿಯಲ್ಲಿ ಆ ಹೆಸರು ಬರೆಸಿಕೊಳ್ಳಿ. ಅವರಿಗೆ ಅರಬ್ಬಿ ಭಾಷೆ ಬರಬೇಕಂತಿಲ್ಲ, ಅಕ್ಷರ ಗೊತ್ತಿದ್ದರೆ ಸಾಕು. ಆ ಹೆಸರು ಹಾಕಿ ಹುಡುಕಿ, ಬಂದದ್ದನ್ನು ಫೋನಿನಲ್ಲೇ ಅನುವಾದ ಮಾಡಿಕೊಂಡು ಓದಿ. ಇಂಗ್ಲಿಷ್‌ನಲ್ಲಿ ಬಾರದೇ ಇರುವ ಊರ ಮಟ್ಟದ ಸುದ್ದಿ ಎಷ್ಟೋ ಸಿಗುತ್ತದೆ.

ತಾರೀಕಿನ ಪಟ್ಟಿ

ಪುಟದ ಎಡಗಡೆ ದೇಶದ ತಾರೀಕು, ಬಲಗಡೆ ನಿಮ್ಮ ಮನುಷ್ಯ ಆ ದಿನ ಎಲ್ಲಿದ್ದ, ಯಾರ ಕಡೆ ಇದ್ದ ಅನ್ನುವುದು. ಎಡಗಡೆ ಬರೆಯಬೇಕಾದ್ದನ್ನು ನಾನು ಹೇಳುತ್ತೇನೆ.

2011ರ ಮಾರ್ಚ್, ದಕ್ಷಿಣದ ದರಾದಲ್ಲಿ ಅಧ್ಯಕ್ಷ ಬಷರ್ ಅಲ್ ಅಸಾದ್ ಆಳ್ವಿಕೆಯ ವಿರುದ್ಧ ಪ್ರತಿಭಟನೆ ಶುರು. 2012ರ ಜುಲೈ, ಅಲೆಪ್ಪೊ ನಗರದ ಒಳಗೆ ಕಾಳಗ. 2015ರ ಸೆಪ್ಟೆಂಬರ್ 30, ರಷ್ಯಾದ ವಿಮಾನಗಳು ಅಸಾದ್ ಪರ ಯುದ್ಧಕ್ಕೆ ಇಳಿದವು. 2016ರ ಆಗಸ್ಟ್ 24, ಟರ್ಕಿಯ ಸೇನೆ ಗಡಿ ದಾಟಿ ಜರಾಬ್ಲುಸ್‌ಗೆ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪೂರ್ವ ಅಲೆಪ್ಪೊ ಬಂಡುಕೋರರ ಕೈತಪ್ಪಿತು. 2018ರ ಜನವರಿಯಿಂದ ಮಾರ್ಚ್, ಟರ್ಕಿ ಮತ್ತು ಅದರ ಜೊತೆಗಿದ್ದ ಗುಂಪುಗಳು ಕುರ್ದ್ ಸಮುದಾಯದ ಪಡೆಗಳಿಂದ ವಾಯವ್ಯದ ಅಫ್ರಿನ್ ತೆಗೆದುಕೊಂಡವು. 2018ರ ಜುಲೈ, ದಕ್ಷಿಣದಲ್ಲಿ ಬಂಡುಕೋರರು ಶರಣಾದರು. 2019ರ ಅಕ್ಟೋಬರ್ 9, ಈಶಾನ್ಯಕ್ಕೆ ಟರ್ಕಿಯ ಇನ್ನೊಂದು ದಂಡಯಾತ್ರೆ. 2020ರ ಮಾರ್ಚ್ 5, ಇದ್ಲಿಬ್‌ನಲ್ಲಿ ಕದನವಿರಾಮ. ಆಮೇಲೆ ನಾಲ್ಕೂವರೆ ವರ್ಷ ಗಡಿರೇಖೆಗಳು ಹೆಚ್ಚುಕಡಿಮೆ ಅಲ್ಲಾಡಲಿಲ್ಲ. 2024ರ ನವೆಂಬರ್ 27ಕ್ಕೆ ದಾಳಿ ಶುರು, ಡಿಸೆಂಬರ್ 8ಕ್ಕೆ ದಮಾಸ್ಕಸ್ ಬಿತ್ತು, ಅಸಾದ್ ಓಡಿಹೋದರು. 2025ರ ಜನವರಿ 29, ಬಂಡುಕೋರ ಗುಂಪುಗಳನ್ನು ವಿಸರ್ಜಿಸಿದ್ದೇವೆ ಅಂತ ಘೋಷಣೆ, ದಾಳಿ ಮುನ್ನಡೆಸಿದ ಅಹ್ಮದ್ ಅಲ್ ಷರಾ ಮಧ್ಯಂತರ ಅಧ್ಯಕ್ಷ.

ಈ ಪಟ್ಟಿಯಲ್ಲಿ ನೀವು ಜಾಸ್ತಿ ಗಮನ ಕೊಡಬೇಕಾದ್ದು 2020ರಿಂದ 2024ರ ನಡುವಿನ ಆ ಸುಮ್ಮನಿದ್ದ ಕಾಲಕ್ಕೆ. ಟೀವಿಯವರು ಆ ಹೊತ್ತಿಗೆ ಸಿರಿಯಾ ಬಿಟ್ಟು ಹೋಗಿದ್ದರು. ಕಮಾಂಡರ್‌ಗಳು ವ್ಯಾಪಾರಿಗಳಾಗಿ ಬೆಳೆದದ್ದು ಮುಖ್ಯವಾಗಿ ಆಗಲೇ. ಯುದ್ಧ ನಡೆಯುವಾಗ ದುಡ್ಡು ಮದ್ದುಗುಂಡಿಗೆ ಹೋಗುತ್ತದೆ. ಯುದ್ಧ ನಿಂತು, ಬಂದೂಕು ಮಾತ್ರ ಕೈಯಲ್ಲೇ ಉಳಿದಾಗ ದುಡ್ಡು ಜಮೀನಿಗೆ, ಅಂಗಡಿಗೆ, ಕಾರಿಗೆ ಹೋಗುತ್ತದೆ.

ಅಲ್ ಔದಾನ ಬಲಗಡೆ ಕಾಲಂ ತುಂಬಿದರೆ ಹೀಗಿರುತ್ತದೆ. 2015ರ ಮಾರ್ಚ್‌ನಲ್ಲಿ ಬಂಡುಕೋರರು ಬುಸ್ರಾ ಗೆದ್ದರು, ಅವನ ಷಬಾಬ್ ಅಲ್ ಸುನ್ನಾ ಗುಂಪು ಅಲ್ಲಿ ನೆಲೆ ನಿಂತಿತು. 2018ರ ಜುಲೈನಲ್ಲಿ ರಷ್ಯಾದವರ ಜೊತೆ ಒಪ್ಪಂದ ಮಾಡಿಕೊಂಡು, ತನ್ನ ಹುಡುಗರನ್ನೂ ಸಣ್ಣ ಶಸ್ತ್ರಗಳನ್ನೂ ಉಳಿಸಿಕೊಂಡು, ಅಸಾದ್ ಸೇನೆಯ ಐದನೇ ಕೋರ್‌ನಲ್ಲಿ ಎಂಟನೇ ಬ್ರಿಗೇಡ್‌ನ ನಾಯಕನಾದ. 2024ರ ಡಿಸೆಂಬರ್‌ನಲ್ಲಿ ಅದೇ ದಕ್ಷಿಣದ ಪಡೆಗಳು ಉತ್ತರದವರಿಗಿಂತ ಮೊದಲೇ ದಮಾಸ್ಕಸ್ ಮುಟ್ಟಿದವು. 2025ರ ಏಪ್ರಿಲ್ 13ಕ್ಕೆ ಎಂಟನೇ ಬ್ರಿಗೇಡ್ ವಿಸರ್ಜನೆ. ನಾಲ್ಕು ಸಾಲು ಅಷ್ಟೇ. ದ್ರೋಹಿ ಅಂತ ಒಬ್ಬರು, ಊರು ಉಳಿಸಿದವನು ಅಂತ ಇನ್ನೊಬ್ಬರು ಯಾಕೆ ಬರೆಯುತ್ತಾರೆ ಅನ್ನುವುದು ಈ ನಾಲ್ಕು ಸಾಲು ನೋಡಿದರೆ ಗೊತ್ತಾಗುತ್ತದೆ. ಇಬ್ಬರೂ ಬೇರೆ ಬೇರೆ ತಾರೀಕು ಇಟ್ಟುಕೊಂಡು ಮಾತಾಡುತ್ತಿದ್ದಾರೆ.

ನಕ್ಷೆಯಲ್ಲಿ ರಸ್ತೆ ಮತ್ತು ಗಡಿ ಗೇಟು ಗುರುತು ಹಾಕಿ

ಒಂದು ಖಾಲಿ ನಕ್ಷೆ ತೆಗೆದುಕೊಳ್ಳಿ, ಕೈಯಲ್ಲೇ ಬರೆದದ್ದಾದರೂ ಸರಿ. ಅಲೆಪ್ಪೊದಿಂದ ಹಮಾ, ಹೋಮ್ಸ್ ದಾಟಿ ದಮಾಸ್ಕಸ್‌ಗೆ, ಅಲ್ಲಿಂದ ಜೋರ್ಡಾನ್ ಗಡಿಗೆ ಇಳಿಯುವ ಹೆದ್ದಾರಿ ಎಂ5. ಲಟಾಕಿಯಾ ಕಡೆಯಿಂದ ಬಂದು ಅದನ್ನು ಸೇರುವುದು ಎಂ4. ಇವೆರಡೂ ಕೂಡುವ ಜಾಗ ಸರಾಕಿಬ್, ಗರೀಬ್ ಅವರ ಊರು. ಆ ಒಂದು ಊರಿಗಾಗಿ 2020ರ ಫೆಬ್ರವರಿ, ಮಾರ್ಚ್‌ನಲ್ಲಿ ಯಾಕೆ ಅಷ್ಟು ಹೊಡೆದಾಟ ಆಯಿತು ಅಂತ ಬೇರೆ ವಿವರಣೆ ಬೇಡ, ನಕ್ಷೆ ನೋಡಿದರೆ ಸಾಕು.

ಆಮೇಲೆ ಗಡಿ ಗೇಟುಗಳು. ಇದ್ಲಿಬ್‌ಗೆ ಬಾಬ್ ಅಲ್ ಹವಾ, ಅಜಾಜ್ ಪಕ್ಕ ಬಾಬ್ ಅಲ್ ಸಲಾಮಾ, ಯೂಫ್ರೆಟಿಸ್ ದಡದಲ್ಲಿ ಜರಾಬ್ಲುಸ್, ಜೋರ್ಡಾನ್ ಕಡೆ ನಸೀಬ್. ಪ್ರತಿ ಗೇಟಿನ ಪಕ್ಕ ಯಾವ ವರ್ಷ ಯಾರ ಕೈಯಲ್ಲಿತ್ತು ಅಂತ ಬರೆಯಿರಿ. ಬಾಬ್ ಅಲ್ ಹವಾ ಅಹ್ರಾರ್ ಅಲ್ ಷಾಮ್ ಗುಂಪಿನ ಕೈಯಲ್ಲಿತ್ತು, 2017ರ ಜುಲೈನಲ್ಲಿ ಅಲ್ ಷರಾ ಅವರ ಗುಂಪು ಅದನ್ನು ಅವರಿಂದ ಕಿತ್ತುಕೊಂಡಿತು. ಅದಾಗಿ ಕೆಲವೇ ತಿಂಗಳಿಗೆ, ನವೆಂಬರ್‌ನಲ್ಲಿ, ಇದ್ಲಿಬ್‌ನಲ್ಲಿ "ಸಾಲ್ವೇಶನ್ ಗವರ್ನಮೆಂಟ್" ಅಂತ ಒಂದು ಆಡಳಿತ ಹುಟ್ಟಿತು. ಗೇಟು ಮೊದಲು, ಸರ್ಕಾರ ಆಮೇಲೆ. ಟರ್ಕಿಯಿಂದ ಬರುವ ಇಂಧನದ ವ್ಯಾಪಾರ ವತದ್ ಅನ್ನುವ ಒಂದೇ ಕಂಪನಿಯ ಕೈಗೆ ಹೋಯಿತು, ಚಳಿಗಾಲದಲ್ಲಿ ಟೆಂಟಿನಲ್ಲಿದ್ದ ಮಂದಿ ಅದೇ ಕಂಪನಿ ಹೇಳಿದ ರೇಟು ಕೊಡಬೇಕಾಯಿತು. ಆ ಇದ್ಲಿಬ್ ಆಡಳಿತ ನಡೆಸುತ್ತಿದ್ದ ಮುಹಮ್ಮದ್ ಅಲ್ ಬಷೀರ್ 2024ರ ಡಿಸೆಂಬರ್ 10ಕ್ಕೆ ಇಡೀ ಸಿರಿಯಾದ ಹಂಗಾಮಿ ಪ್ರಧಾನಿಯಾದರು. ಒಂದು ಜಿಲ್ಲೆಯಷ್ಟು ಜಾಗದ ಆಡಳಿತ ದೇಶದ ಆಡಳಿತವಾದದ್ದು ಹೀಗೆ.

ನಮ್ಮ ಕಡೆಯವರಿಗೆ ಇದು ಬೇಗ ತಿಳಿಯುತ್ತದೆ. ಹೊಸಪೇಟೆಯಿಂದ ಅಂಕೋಲಾ ಕಡೆ ಹೋಗುವ ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಕೊಪ್ಪಳ ದಾಟುತ್ತಿದ್ದ ವರ್ಷಗಳನ್ನು ಕಂಡವರು ನಾವು. ಅದಿರು ಭೂಮಿಯದ್ದು, ಆದರೆ ದುಡ್ಡು ಎಲ್ಲಿ ಆಗುತ್ತಿತ್ತು? ಪರ್ಮಿಟ್‌ನಲ್ಲಿ, ಚೆಕ್‌ಪೋಸ್ಟ್‌ನಲ್ಲಿ, ತೂಕದಲ್ಲಿ, ಬಂದರಿನಲ್ಲಿ. 2011ರ ಜುಲೈನ ಲೋಕಾಯುಕ್ತ ವರದಿ ಬಳ್ಳಾರಿ ಗಣಿಗಾರಿಕೆಯ ಕಥೆಯನ್ನು ಲಾರಿ ಮತ್ತು ಕಾಗದಗಳನ್ನು ಹಿಂಬಾಲಿಸಿಯೇ ಬಿಡಿಸಿತು. ಸಿರಿಯಾದ ಕಮಾಂಡರ್‌ನನ್ನೂ ಹಾಗೇ ಓದಿ. ಅವನ ಭಾಷಣ ಪಕ್ಕಕ್ಕಿಡಿ, ಅವನ ಚೆಕ್‌ಪೋಸ್ಟ್ ಎಲ್ಲಿತ್ತು ನೋಡಿ.

ದುಡ್ಡಿನ ಕಾಲಂ

ಇಲ್ಲಿ ಸಮಯ ಕೊಡಿ, ಯಾಕಂದರೆ ಸುಳ್ಳು ಜಾಸ್ತಿ ಇರುವುದೂ ಇಲ್ಲೇ, ಗಟ್ಟಿ ಕಾಗದ ಸಿಗುವುದೂ ಇಲ್ಲೇ.

ಅಬು ಅಮ್ಷಾನ ಉದಾಹರಣೆ ತೆಗೆದುಕೊಳ್ಳಿ. 2023ರ ಆಗಸ್ಟ್ 17ಕ್ಕೆ ಅಮೆರಿಕದ ಖಜಾನೆ ಇಲಾಖೆ ಅವನ ಮೇಲೆ, ಅವನ ತಮ್ಮನ ಮೇಲೆ, ಸುಲೇಮಾನ್ ಷಾ ಬ್ರಿಗೇಡ್ ಮೇಲೆ ನಿರ್ಬಂಧ ಹಾಕಿತು. ಅದೇ ಪಟ್ಟಿಯಲ್ಲಿ ಅಲ್ ಸಫೀರ್ ಒಟೊ ಅನ್ನುವ ಕಾರು ಮಾರಾಟದ ಕಂಪನಿಯೂ ಇತ್ತು. ಮುಖ್ಯ ಕಚೇರಿ ಇಸ್ತಾಂಬುಲ್, ದಕ್ಷಿಣ ಟರ್ಕಿಯಲ್ಲಿ ಶಾಖೆಗಳು, ಮಾಲೀಕ ಅಬು ಅಮ್ಷಾ, ಶಾಖೆ ನೋಡಿಕೊಳ್ಳುವವರು ಅವನ ಬ್ರಿಗೇಡಿನ ಕಮಾಂಡರ್‌ಗಳೇ ಅಂತ ಇಲಾಖೆ ಹೇಳಿತು. ಅಫ್ರಿನ್‌ನಲ್ಲಿ ಕುರ್ದ್ ನಿವಾಸಿಗಳನ್ನು ಮನೆಯಿಂದ ಹೊರಹಾಕುವುದು, ಆಸ್ತಿ ವಶ ಮಾಡಿಕೊಳ್ಳುವುದು, ಮಂದಿಯನ್ನು ಎತ್ತಿಕೊಂಡು ಹೋಗಿ ದುಡ್ಡು ಕೇಳುವುದು, ಇವೆಲ್ಲ ಅವನ ಆದೇಶದಿಂದ ನಡೆದವು ಅನ್ನುವುದು ಆರೋಪ.

ಇಂಥ ಕಾಗದ ಓದುವಾಗ ಮೂರು ವಿಷಯ ಬೇರೆ ಬೇರೆ ಬರೆದುಕೊಳ್ಳಿ. ಯಾರು ಹೇಳಿದ್ದು, ಯಾವ ತಾರೀಕಿಗೆ, ಏನು ಕ್ರಮ ಆಯಿತು. ನಿರ್ಬಂಧ ಅಂದರೆ ಕೋರ್ಟಿನ ತೀರ್ಪಲ್ಲ. ಒಂದು ಸರ್ಕಾರ ತನ್ನ ಹತ್ತಿರ ಇರುವ ಮಾಹಿತಿ ಮೇಲೆ ತೆಗೆದುಕೊಂಡ ಕ್ರಮ ಅದು, ಆ ಸರ್ಕಾರಕ್ಕೂ ತನ್ನ ರಾಜಕೀಯ ಇರುತ್ತದೆ. ಹಾಗಾಗಿ ಅದರ ಪಕ್ಕದಲ್ಲಿ ಇನ್ನೊಂದು ಕಡೆಯ ಕಾಗದ ಇಡಿ. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ 2011ರ ಆಗಸ್ಟ್‌ನಲ್ಲಿ ಸಿರಿಯಾಕ್ಕೆ ಒಂದು ತನಿಖಾ ಆಯೋಗ ಮಾಡಿತು, ಅದರ ವರದಿಗಳು ಎಲ್ಲರಿಗೂ ಓದಲು ಸಿಗುತ್ತವೆ. ಅಫ್ರಿನ್‌ನ ಲೂಟಿ, ಆಸ್ತಿ ವಶ, ಅಕ್ರಮ ಬಂಧನದ ಬಗ್ಗೆ ಅದರ 2020ರ ವರದಿಯಲ್ಲಿ ವಿವರವಾಗಿ ಇದೆ. ಅದೇ ಆಯೋಗ ಅಸಾದ್ ಸರ್ಕಾರದ ಜೈಲುಗಳ ಬಗ್ಗೆಯೂ, ಐಸಿಸ್ ಬಗ್ಗೆಯೂ, ಕುರ್ದ್ ಪಡೆಗಳ ಬಗ್ಗೆಯೂ ಬರೆದಿದೆ. ಎಲ್ಲ ಕಡೆಯವರನ್ನೂ ಬಿಡದೆ ಬರೆದಿರುವುದರಿಂದ ನಾನು ಅದನ್ನು ನಂಬುತ್ತೇನೆ.

ಎರಡೂ ಕಾಗದ ಒಂದೇ ಕಡೆ ಬೆರಳು ತೋರಿಸಿದರೆ "ಆರೋಪ ಗಟ್ಟಿಯಾಗಿದೆ" ಅಂತ ಬರೆಯಿರಿ. ಒಂದೇ ಕಾಗದ ಹೇಳಿದರೆ ಆ ಕಾಗದದ ಹೆಸರು ಹಾಕಿ ಬರೆಯಿರಿ. ಯಾವ ಕಾಗದವೂ ಹೇಳದೆ ಬರೀ ಫಾರ್ವರ್ಡ್ ಮೆಸೇಜು ಹೇಳಿದರೆ ಬರೆಯಲೇಬೇಡಿ. ಆಸ್ತಿ ಇಷ್ಟು ಕೋಟಿ ಅಂತ ಬರುವ ಅಂಕಿಗಳು ಸಾಮಾನ್ಯವಾಗಿ ಈ ಮೂರನೇ ಜಾತಿಯವು.

ನೊಂದವರ ಸಾಲು

ಕಮಾಂಡರ್‌ನ ಟಿಪ್ಪಣಿಯಲ್ಲಿ ಅವನೊಬ್ಬನೇ ಇದ್ದರೆ ಅದು ಅವನ ಬಯೋಡೇಟಾ ಆಗಿಬಿಡುತ್ತದೆ ಅಲ್ವಾ? ಅವನ ದಾರಿಯಲ್ಲಿ ನಿಂತವರು, ಬಿದ್ದವರು ಯಾರು ಅಂತ ಕಡ್ಡಾಯವಾಗಿ ಒಂದು ಪುಟ ಇರಬೇಕು.

2019ರ ಅಕ್ಟೋಬರ್ 12ಕ್ಕೆ ಹೆವ್ರಿನ್ ಖಲಫ್ ಅನ್ನುವ ಕುರ್ದ್ ರಾಜಕಾರಣಿಯನ್ನು ಈಶಾನ್ಯಕ್ಕೆ ಮುಂದುವರಿಯುವ ಅದೇ ಎಂ4 ಹೆದ್ದಾರಿಯಲ್ಲಿ ಕಾರಿನಿಂದ ಎಳೆದು ಕೊಂದರು. ಫ್ಯೂಚರ್ ಸಿರಿಯಾ ಪಾರ್ಟಿಯ ಪ್ರಧಾನ ಕಾರ್ಯದರ್ಶಿ ಆಕೆ, ಅರಬ್ಬರು, ಕುರ್ದರು ಕೂಡಿ ಬಾಳಬೇಕು ಅಂತ ಹೇಳುತ್ತಿದ್ದವರು. ಅಹ್ರಾರ್ ಅಲ್ ಷರ್ಕಿಯಾ ಗುಂಪಿನ ಮೇಲೆ 2021ರ ಜುಲೈ 28ಕ್ಕೆ ಅಮೆರಿಕ ನಿರ್ಬಂಧ ಹಾಕುವಾಗ ಈ ಕೊಲೆಯನ್ನು ಹೆಸರಿಟ್ಟು ಹೇಳಿತು. ಆ ಗುಂಪಿನ ಮುಖ್ಯಸ್ಥ ಅಬು ಹಾತಿಮ್ ಷಕ್ರಾನ ಹೆಸರೂ ಆ ನಿರ್ಬಂಧದಲ್ಲಿತ್ತು. 2025ರಲ್ಲಿ ಹೊಸ ಸೇನೆ ಅವನಿಗೂ ಪೂರ್ವ ಸಿರಿಯಾದಲ್ಲಿ ಒಂದು ಡಿವಿಜನ್ ಕೊಟ್ಟಿತು. ನನಗೆ ಇದನ್ನು ಓದಿದಾಗ ಸಂಕಟವಾಗುತ್ತದೆ, ಅದನ್ನು ಮುಚ್ಚಿಡುವ ಅಗತ್ಯ ನಿಮಗೂ ಇಲ್ಲ. ಸಂಕಟವಾದರೆ ಆ ತಾರೀಕುಗಳನ್ನು ಒಂದರ ಕೆಳಗೆ ಒಂದು ಬರೆಯಿರಿ, ವಿಶೇಷಣ ಬೇಕಾಗುವುದಿಲ್ಲ.

ಇನ್ನೊಂದು ಕಡೆಯೂ ನೋಡಿ. ಈ ಕಮಾಂಡರ್‌ಗಳಲ್ಲಿ ಎಷ್ಟೋ ಮಂದಿ ತಾವೇ ಊರು ಬಿಟ್ಟು ಓಡಿದವರು, ಅಣ್ಣತಮ್ಮಂದಿರನ್ನು ಅಸಾದ್‌ನ ಜೈಲಿನಲ್ಲಿ ಕಳೆದುಕೊಂಡವರು. 2020ರಲ್ಲಿ ಸರಾಕಿಬ್ ಸರ್ಕಾರದ ಕೈಗೆ ಹೋದಾಗ ಆ ಊರಿನ ಮಂದಿ ಮನೆ ಬಿಟ್ಟು ಟೆಂಟು ಸೇರಿದರು. ಊರು ಕಳೆದುಕೊಂಡ ಸಿಟ್ಟನ್ನೂ ಬರೆಯಿರಿ, ಆ ಸಿಟ್ಟು ಬೇರೆಯವರ ಊರಿನ ಮೇಲೆ ಬಿದ್ದದ್ದನ್ನೂ ಬರೆಯಿರಿ. ಒಂದನ್ನು ಬಿಟ್ಟು ಒಂದು ಬರೆದರೆ ಯಾವುದೋ ಒಂದು ಕಡೆಯ ಕರಪತ್ರವಾಗುತ್ತದೆ.

ಕುರ್ಚಿ ಹೇಗೆ ಸಿಕ್ಕಿತು?

ಅಲೆಪ್ಪೊದ ಗವರ್ನರ್ ಅಂದ ಕೂಡಲೇ ನಮ್ಮ ರಾಜ್ಯಪಾಲರನ್ನು ನೆನೆಸಿಕೊಳ್ಳಬೇಡಿ. ಸಿರಿಯಾದಲ್ಲಿ 14 ಪ್ರಾಂತ್ಯ, ಒಂದೊಂದಕ್ಕೂ ಒಬ್ಬ ಗವರ್ನರ್, ನೇಮಕ ದಮಾಸ್ಕಸ್‌ನಿಂದ. ನೀರು, ಕರೆಂಟು, ಬೇಕರಿ, ಪೊಲೀಸು, ಒಡೆದ ಕಟ್ಟಡ, ಎಲ್ಲಕ್ಕೂ ಅವನ ಬಾಗಿಲಿಗೇ ಹೋಗಬೇಕು. ಚುನಾವಣೆಯಲ್ಲಿ ಗೆದ್ದು ಬಂದದ್ದಲ್ಲ.

2025ರ ಅಕ್ಟೋಬರ್ 5ಕ್ಕೆ ಹೊಸ ಸಂಸತ್ತಿಗೆ ಆಯ್ಕೆ ನಡೆಯಿತು, ಆದರೆ ಜನ ಸಾಲಿನಲ್ಲಿ ನಿಂತು ಓಟು ಹಾಕಲಿಲ್ಲ. 210 ಸೀಟಿನಲ್ಲಿ 140 ಸೀಟು ಸ್ಥಳೀಯ ಆಯ್ಕೆ ಮಂಡಳಿಗಳಿಗೆ, 70 ಅಧ್ಯಕ್ಷರ ನೇಮಕಕ್ಕೆ. ಸುವೈದಾ, ರಕ್ಕಾ, ಹಸಕಾ ಪ್ರಾಂತ್ಯಗಳಲ್ಲಿ ಆಗ ಮುಂದೂಡಿದರು. ಹಾಗಾಗಿ ಕಮಾಂಡರ್ ರಾಜಕಾರಣಿಯಾದ ಅಂತ ಬರೆದ ಮೇಲೆ ಪಕ್ಕದಲ್ಲೇ ಒಂದು ಪ್ರಶ್ನೆ ಹಾಕಿ: ಅವನನ್ನು ಇಳಿಸುವ ಅಧಿಕಾರ ಯಾರಿಗಿದೆ? ಅವನ ಪ್ರಾಂತ್ಯದ ಮಂದಿಗಾ, ಮೇಲಿನವರಿಗಾ?

ಇದಕ್ಕೆ ಹೋಲಿಸಿ ನೋಡಲು ಕೊಪ್ಪಳದಲ್ಲೇ ಒಂದು ಇತಿಹಾಸ ಇದೆ. ನಿಜಾಮನ ಕಾಲದಲ್ಲಿ ರಜಾಕಾರರ ಹಾವಳಿಗೆ ಎದುರಾಗಿ ಗಡಿಯ ಆಚೆ ಮುಂಡರಗಿಯಲ್ಲಿ ಹೋರಾಟಗಾರರ ಶಿಬಿರ ನಡೆಯಿತು, ಅದನ್ನು ಮುನ್ನಡೆಸಿದವರು ಅಳವಂಡಿ ಶಿವಮೂರ್ತಿಸ್ವಾಮಿಗಳು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. ಸ್ವಾಮಿಗಳು 1952ರ ಮೊದಲ ಚುನಾವಣೆಗೆ ನಿಂತು ಗೆದ್ದು ಲೋಕಸಭೆಗೆ ಹೋದರು. ಶಸ್ತ್ರದ ಶಿಬಿರದಿಂದ ಸಂಸತ್ತಿಗೆ ನಾಲ್ಕೇ ವರ್ಷ, ಆದರೆ ನಡುವೆ ಎರಡು ವಿಷಯ ಆದವು. ಶಿಬಿರಗಳು ಮುಚ್ಚಿದವು, ಮತ್ತು ನಮ್ಮ ಅಜ್ಜ ಅಜ್ಜಿಯರ ಕೈಗೆ ಓಟು ಬಂತು. ಸಿರಿಯಾದಲ್ಲಿ ಈ ಎರಡು ಎಲ್ಲಿವರೆಗೆ ಬಂದಿವೆ ಅಂತ ನಿಮ್ಮ ಟಿಪ್ಪಣಿಯಲ್ಲಿ ಅಳೆಯಿರಿ. ಸುಲೇಮಾನ್ ಷಾ ಬ್ರಿಗೇಡಿನ ಹೆಸರು ಹೋಗಿ ಡಿವಿಜನ್ ನಂಬರು ಬಂತು, ಒಳಗಿನ ಹುಡುಗರು ಮತ್ತು ನಾಯಕ ಅವರೇ ಇದ್ದರೆ ಅದನ್ನು ಶಿಬಿರ ಮುಚ್ಚಿದ್ದು ಅನ್ನಲಾಗುವುದಿಲ್ಲ. 2025ರ ಮೇ 28ಕ್ಕೆ ಐರೋಪ್ಯ ಒಕ್ಕೂಟ ಅಬು ಅಮ್ಷಾನ ಮೇಲೆ ಮತ್ತು ಅವನ ಗುಂಪಿನ ಮೇಲೆ ನಿರ್ಬಂಧ ಹಾಕಿದ್ದು, ಆ ವರ್ಷದ ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಅಲಾವಿ (ಅಸಾದ್ ಅವರ) ಸಮುದಾಯದ ಮೇಲೆ ನಡೆದ ಹತ್ಯೆಗಳ ವಿಷಯದಲ್ಲಿ. ಅಂದರೆ ವಿಸರ್ಜನೆ ಘೋಷಣೆಯಾದ ಮೇಲೆ.

ವಿಡಿಯೊ ಬಂದರೆ, ಬರೆಯಲು ಕೂತರೆ

ಸಿರಿಯಾದ ಹೆಸರಿನಲ್ಲಿ ಬರುವ ವಿಡಿಯೊಗಳಲ್ಲಿ ಹಳೆಯವು ತುಂಬಾ. 2023ರ ಫೆಬ್ರವರಿ 6ರ ಭೂಕಂಪದಲ್ಲಿ ಬಿದ್ದ ಕಟ್ಟಡ ತೋರಿಸಿ ಬಾಂಬ್ ದಾಳಿ ಅನ್ನುವುದು ಸುಲಭ. ವಿಡಿಯೊ ನಿಲ್ಲಿಸಿ ಒಂದು ಚಿತ್ರ ತೆಗೆದು ಚಿತ್ರದ ಮೂಲಕ ಹುಡುಕಿ, ಹಿಂದೆ ಎಲ್ಲಿ ಬಂದಿತ್ತು ಗೊತ್ತಾಗುತ್ತದೆ. ಬಾವುಟವನ್ನೂ ನೋಡಿ. ಮೂರು ಕೆಂಪು ನಕ್ಷತ್ರದ ಹಸಿರು ಬಾವುಟ ಮೊದಲು ಬಂಡುಕೋರರದ್ದು, ಈಗ ದೇಶದ್ದು, ಹಾಗಾಗಿ ಬಾವುಟ ಕಂಡ ಮಾತ್ರಕ್ಕೆ ವರ್ಷ ಹೇಳಲು ಬರುವುದಿಲ್ಲ.

ಬರೆಯುವಾಗ ಉಗ್ರ, ವೀರ, ಡಾನ್ ಅನ್ನುವ ಪದಗಳನ್ನು ದೂರ ಇಡಿ. "2018ರಲ್ಲಿ ಒಪ್ಪಂದ ಮಾಡಿಕೊಂಡ", "ಗೇಟಿನಲ್ಲಿ ಶುಲ್ಕ ವಸೂಲು ಮಾಡಿದ", "ಗವರ್ನರ್ ಆಗಿ ನೇಮಕವಾದ", ಹೀಗೆ ಮಾಡಿದ ಕೆಲಸವನ್ನೇ ಬರೆಯಿರಿ. ಧರ್ಮದ ಮೇಲೆ ಎಲ್ಲ ಹೊರಿಸುವ ಬರಹ ನಮ್ಮ ಕಡೆ ಬೇಗ ಹರಡುತ್ತದೆ, ಅದನ್ನು ನಂಬಬೇಡಿ. ಕೊಂದವರೂ, ಸತ್ತವರೂ, ಬಾಬ್ ಅಲ್ ಹವಾಕ್ಕಾಗಿ ಹೊಡೆದಾಡಿದ ಎರಡೂ ಗುಂಪಿನವರೂ ಬಹುಪಾಲು ಒಂದೇ ಧರ್ಮದವರು.

ಹೆಸರಿನ ಪುಟ ಬಿಟ್ಟು ಟಿಪ್ಪಣಿ ನಾಲ್ಕು ಪುಟ ದಾಟದಂತೆ ನೋಡಿಕೊಳ್ಳಿ. ಪರೀಕ್ಷೆಗೆ ಬೇಕಾದವರು ತಾರೀಕಿನ ಪುಟವನ್ನು ಬಾಯಿಪಾಠ ಮಾಡಿದರೆ ಸಾಕು, ಉಳಿದ ಮೂರು ನಿಮ್ಮ ತಿಳುವಳಿಕೆಗೆ. ಮೇಲ್ಗಡೆ ಬರೆದ ದಿನಾಂಕ ಹಾಕಿ, ಕೆಳಗೆ ಕಾಲು ಪುಟ ಖಾಲಿ ಬಿಡಿ. ಈ ಮಂದಿಯ ಪದವಿ, ಪಕ್ಷ, ಗೆಳೆತನ ಬೇಗ ಬದಲಾಗುತ್ತವೆ. ಹೊಸ ಸುದ್ದಿ ಬಂದಾಗ ಹಳೆಯ ಸಾಲು ಹೊಡೆದು ಹಾಕಬೇಡಿ, ಅದರ ಕೆಳಗೆ ಹೊಸ ತಾರೀಕು ಹಾಕಿ ಸೇರಿಸಿ. ಗುಂಪಿನಲ್ಲಿ ಓದುವವರಾದರೆ ಒಬ್ಬರು ಗರೀಬ್, ಒಬ್ಬರು ಅಬು ಅಮ್ಷಾ, ಒಬ್ಬರು ಅಲ್ ಔದಾ ತೆಗೆದುಕೊಂಡು ಬರೆದು, ಮೂರು ತಾರೀಕಿನ ಪುಟಗಳನ್ನು ಒಟ್ಟಿಗೆ ಇಟ್ಟು 2018ರ ಸಾಲನ್ನು ಮೊದಲು ಓದಿ.